ಡಿಸೈನ್ ಥಿಂಕಿಂಗ್ ಕಲಿಯಲು ಯಾವ ದಾರಿ? ಕೋರ್ಸ್, ಕಾರ್ಯಾಗಾರ ಮತ್ತು ಎರಡು ಬಗೆಯ ವರ್ಚುವಲ್ ಇಂಟರ್ನ್‌ಶಿಪ್

ಡಿಸೈನ್ ಥಿಂಕಿಂಗ್ ಎಂದರೆ ಬಳಸುವವರ ಕಷ್ಟವನ್ನು ಮೊದಲು ಅರಿತು, ಆಮೇಲೆ ಪರಿಹಾರ ಹುಡುಕಿ ಪರೀಕ್ಷಿಸುವ ವಿಧಾನ. ಅದನ್ನು ಕಲಿಯಲು ಹೊರಟವರಿಗೆ ಈಗ ಸಾಮಾನ್ಯವಾಗಿ ಸಿಗುವ ದಾರಿಗಳು ನಾಲ್ಕು. ಬಿಡುವಾದಾಗ ನೋಡಿಕೊಳ್ಳುವ ಆನ್‌ಲೈನ್ ಕೋರ್ಸ್, ವಾರಾಂತ್ಯದಲ್ಲಿ ಮುಗಿದುಹೋಗುವ ಕಾರ್ಯಾಗಾರ, ಒಬ್ಬರೇ ಕುಳಿತು ಮುಗಿಸುವ ಸಿಮ್ಯುಲೇಷನ್ ಮಾದರಿಯ ವರ್ಚುವಲ್ ಇಂಟರ್ನ್‌ಶಿಪ್, ತಂಡವೂ ದಾರಿ ತೋರುವ ಮೆಂಟರೂ ಇರುವ ವರ್ಚುವಲ್ ಇಂಟರ್ನ್‌ಶಿಪ್. ಕೊನೆಯ ಎರಡಕ್ಕೂ ಹೆಸರು ಒಂದೇ, ಪ್ರಮಾಣಪತ್ರದ ಒಕ್ಕಣೆಯೂ ಹೆಚ್ಚು ಕಡಿಮೆ ಒಂದೇ. ಒಳಗೆ ನಡೆಯುವುದರಲ್ಲಿ ಮಾತ್ರ ಅಜಗಜಾಂತರ. ನಾಲ್ಕನ್ನೂ ಮಾಡಿ ನೋಡಿದ್ದೇನೆ. ಅಳೆಯಲು ನಾನು ಇಟ್ಟುಕೊಂಡ ಪ್ರಶ್ನೆಗಳು ಎರಡೇ: ಅಪರಿಚಿತರೊಬ್ಬರ ಜೊತೆ ಮಾತನಾಡುವಂತೆ ಇದು ನನ್ನನ್ನು ದೂಡಿತೇ? ನಾನು ಬರೆದ ಸಮಸ್ಯೆಯ ನಿರೂಪಣೆಯನ್ನು ಯಾರಾದರೂ ಓದಿ ‘ಇದು ಸರಿಯಿಲ್ಲ’ ಎಂದು ಹಿಂದಿರುಗಿಸಿದರೇ?

ಆನ್‌ಲೈನ್ ಕೋರ್ಸ್ ಈ ಎರಡರಲ್ಲೂ ಸೋಲುತ್ತದೆ. ಆದರೂ ಅದನ್ನು ಹೀಗಳೆಯಲಾರೆ. ಸ್ಟ್ಯಾನ್‌ಫರ್ಡ್‌ನ ವಿನ್ಯಾಸ ಶಾಲೆಯಾದ ಡಿ.ಸ್ಕೂಲ್ ಜನಪ್ರಿಯಗೊಳಿಸಿದ ಐದು ಹಂತಗಳು, ಅಂದರೆ ಬಳಸುವವರನ್ನು ಅರಿಯುವುದು, ಸಮಸ್ಯೆಯನ್ನು ನಿರೂಪಿಸುವುದು, ಐಡಿಯಾಗಳನ್ನು ಹುಟ್ಟಿಸುವುದು, ಪ್ರೊಟೊಟೈಪ್ (ಕಚ್ಚಾ ಮಾದರಿ) ಮಾಡುವುದು, ಪರೀಕ್ಷಿಸುವುದು, ಮೊದಲ ವಿಡಿಯೊಗಳಲ್ಲೇ ಬಂದುಹೋಗುತ್ತವೆ. ಬ್ರಿಟನ್‌ನ ಡಿಸೈನ್ ಕೌನ್ಸಿಲ್ ರೂಪಿಸಿದ, ಯೋಚನೆ ಎರಡು ಸಲ ಹರಡಿ ಎರಡು ಸಲ ಕಿರಿದಾಗುವುದನ್ನು ಎರಡು ವಜ್ರಾಕೃತಿಗಳಲ್ಲಿ ತೋರಿಸುವ ‘ಡಬಲ್ ಡೈಮಂಡ್’ ಚಿತ್ರ, 1969ರಲ್ಲೇ ವಿನ್ಯಾಸವನ್ನು ಒಂದು ಶಾಸ್ತ್ರವಾಗಿ ನೋಡಬಹುದೆಂದ ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್, ಚೀಟಿಗಳಲ್ಲಿ ಬರೆದದ್ದನ್ನು ಹತ್ತಿರದವುಗಳ ಗುಂಪು ಮಾಡುವ ಜಪಾನಿನ ಜಿರೊ ಕವಾಕಿತಾ ಅವರ ವಿಧಾನ, ಇವೆಲ್ಲ ಒಂದು ಕ್ರಮದಲ್ಲಿ ಸಿಗುವುದು ಕೋರ್ಸಿನಲ್ಲೇ. ಇಂಟರ್ನ್‌ಶಿಪ್‌ನಲ್ಲಿ ಇದನ್ನೆಲ್ಲ ಕೂರಿಸಿ ಹೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಕೋರ್ಸಿನ ತೊಂದರೆ ಅಭ್ಯಾಸದ್ದು. ಬಳಸುವವರನ್ನು ಅರಿಯುವ ಹಂತಕ್ಕೆ ನಾಲ್ಕು ಆಯ್ಕೆಗಳ ರಸಪ್ರಶ್ನೆ ಇಟ್ಟಿರುತ್ತಾರೆ! ಕಲ್ಪಿತ ವ್ಯಕ್ತಿಯೊಬ್ಬರನ್ನು ಸೃಷ್ಟಿಸಿ ಅವರ ಕಷ್ಟಸುಖ ಬರೆಯಿರಿ ಎನ್ನುತ್ತಾರೆ. ಆ ಕಲ್ಪಿತ ವ್ಯಕ್ತಿ ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ.

ಕಾರ್ಯಾಗಾರದ ಗಮ್ಮತ್ತೇ ಬೇರೆ. ಎಂಟು ನಿಮಿಷದಲ್ಲಿ ಎಂಟು ಚಿತ್ರ ಬಿಡಿಸುವ ‘ಕ್ರೇಜಿ ಏಟ್ಸ್’ ಅಭ್ಯಾಸವನ್ನು ಒಬ್ಬರೇ ಮಾಡಿದರೆ ಮೂರನೆಯ ಚೌಕಕ್ಕೇ ಬೇಸರ ಬರುತ್ತದೆ. ಸುತ್ತ ಹತ್ತು ಜನ ಗೀಚುತ್ತಿದ್ದರೆ ಕೈ ತಾನಾಗಿ ಓಡುತ್ತದೆ. ಐಡಿಯಾ ಹಂತವನ್ನು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಕಲಿಯಲಿಲ್ಲ. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಎಲ್ಲರೂ ಸೇರಿ ಜೋರಾಗಿ ಐಡಿಯಾ ಹೇಳುವುದಕ್ಕಿಂತ ಪ್ರತಿಯೊಬ್ಬರೂ ಬೇರೆ ಬೇರೆ ಕುಳಿತು ಬರೆದು ಒಟ್ಟುಗೂಡಿಸಿದರೆ ಹೆಚ್ಚು ಐಡಿಯಾಗಳು ಸಿಗುತ್ತವೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1958ರಲ್ಲೇ ತೋರಿಸಿದ್ದರು. ಒಳ್ಳೆಯ ಕಾರ್ಯಾಗಾರಗಳಲ್ಲಿ ಮೊದಲು ಮೌನವಾಗಿ ಬರೆಸುತ್ತಾರೆ, ಆಮೇಲೆ ಮಾತು. ನಾನು ಹೋದ ಒಂದರಲ್ಲಿ ಬರೀ ಮಾತೇ ಇತ್ತು, ಗಂಟಲು ದೊಡ್ಡದಿದ್ದವರ ಐಡಿಯಾವೇ ಗೆದ್ದಿತು.

ಕಾರ್ಯಾಗಾರದ ದೊಡ್ಡ ಕೊರತೆ ಕ್ಯಾಲೆಂಡರಿನದು. ಗೂಗಲ್ ವೆಂಚರ್ಸ್‌ನಲ್ಲಿ ಬೆಳೆದ ಡಿಸೈನ್ ಸ್ಪ್ರಿಂಟ್ ಐದು ದಿನದ್ದು: ಸೋಮವಾರ ಸಮಸ್ಯೆಯ ನಕ್ಷೆ, ಮಂಗಳವಾರ ಚಿತ್ರಗಳು, ಬುಧವಾರ ಆಯ್ಕೆ, ಗುರುವಾರ ಪ್ರೊಟೊಟೈಪ್, ಶುಕ್ರವಾರ ಐವರು ಬಳಕೆದಾರರ ಮುಂದೆ ಪರೀಕ್ಷೆ. ಇದನ್ನು ಎರಡು ದಿನಕ್ಕೆ ಹಿಂಡಿದಾಗ ಮೊದಲು ಬಲಿಯಾಗುವುದು ಶುಕ್ರವಾರ. ಪಕ್ಕದ ಮೇಜಿನ ತಂಡವೇ ಬಳಕೆದಾರರಾಗಿ ನಟಿಸುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಗುಂಪಿನ ಫೋಟೊ ತೆಗೆಯುತ್ತಾರೆ.

ಸಿಮ್ಯುಲೇಷನ್ ಮಾದರಿಯ ಇಂಟರ್ನ್‌ಶಿಪ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಂಪನಿಯ ಮೇಲಧಿಕಾರಿ ಬರೆದಂತೆ ಒಂದು ಇಮೇಲ್ ಬರುತ್ತದೆ, ಯಾರೋ ಮಾಡಿಟ್ಟ ಸಂದರ್ಶನಗಳ ಲಿಖಿತ ರೂಪ ಕೊಡುತ್ತಾರೆ, ಟೆಂಪ್ಲೇಟ್ ತುಂಬಿ ಕಳುಹಿಸಿದರೆ ‘ಮಾದರಿ ಉತ್ತರ’ ತೆರೆದುಕೊಳ್ಳುತ್ತದೆ. ಕಚೇರಿಯಲ್ಲಿ ಈ ಕೆಲಸದ ಕಾಗದಪತ್ರ ಹೇಗಿರುತ್ತದೆ ಎಂದು ತಿಳಿಯಲು, ಈ ಕ್ಷೇತ್ರ ನಮಗೆ ಒಗ್ಗುತ್ತದೆಯೇ ಎಂದು ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಿಕೊಳ್ಳಲು ಸಾಕು. ಆದರೆ ಮಾದರಿ ಉತ್ತರವಿರುವ ಕಡೆ ಡಿಸೈನ್ ಥಿಂಕಿಂಗ್ ಹೇಗೆ ಸಾಧ್ಯ? ಉತ್ತರ ಮೊದಲೇ ಪೆಟ್ಟಿಗೆಯಲ್ಲಿದ್ದರೆ ನಾವು ಮಾಡುವುದು ಊಹೆ.

ಇನ್ನು ತಂಡ ಮತ್ತು ಮೆಂಟರ್ ಇರುವ ಬಗೆ. ನಮಗೆ ಕೊಟ್ಟ ವಿಷಯ: ವಯಸ್ಸಾದವರು ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವಂತೆ ಮಾಡುವುದು. ತಂಡದ ಎಲ್ಲರ ಮನಸ್ಸಿನಲ್ಲೂ ಆಗಲೇ ಒಂದು ಆ್ಯಪ್ ಸಿದ್ಧವಾಗಿತ್ತು. ಸಂದರ್ಶನದ ಪ್ರಶ್ನೆಪಟ್ಟಿಯಲ್ಲಿ ಮೊದಲನೆಯದು: ‘ಔಷಧಿಯ ಹೊತ್ತನ್ನು ನೆನಪಿಸುವ ಆ್ಯಪ್ ಇದ್ದರೆ ಬಳಸುತ್ತೀರಾ?’ ಮೆಂಟರ್ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದೇ ಸಾಲು ಬರೆದರು: ‘ನಿನ್ನೆ ರಾತ್ರಿಯ ಗುಳಿಗೆ ತೆಗೆದುಕೊಂಡದ್ದು ಹೇಗೆ ಎಂದು ಕೇಳಿ, ಆಮೇಲೆ ಸುಮ್ಮನಿರಿ.’

ವಿಡಿಯೊ ಕರೆಯಲ್ಲಿ ಸಿಕ್ಕ ಹಿರಿಯರೊಬ್ಬರಿಗೆ ಹಾಗೆಯೇ ಕೇಳಿದೆವು. ಅವರು ಎದ್ದು ಹೋಗಿ ಔಷಧಿಯ ಡಬ್ಬಿ ತಂದು ಕ್ಯಾಮೆರಾದ ಮುಂದೆ ಸುರಿದರು. ಗುಳಿಗೆಯ ಪಟ್ಟಿಗಳ ಹಿಂಬದಿಯಲ್ಲಿ ಪೆನ್ನಿನ ಸಣ್ಣ ಗೀಟುಗಳು. ಏನು ಅವು ಎಂದರೆ, ‘ಹೊತ್ತು ಮರೆಯುವುದಿಲ್ಲಪ್ಪ, ಊಟದ ಜೊತೆ ನೆನಪಾಗಿಯೇ ಆಗುತ್ತದೆ. ತೆಗೆದುಕೊಂಡೆನೋ ಇಲ್ಲವೋ ಎಂಬುದೇ ಅನುಮಾನ. ಎರಡು ಸಲ ನುಂಗಿದರೆ ಏನು ಗತಿ ಎಂದು ಹೆದರಿ ಎಷ್ಟೋ ಸಲ ಬಿಟ್ಟೇಬಿಡುತ್ತೇನೆ’ ಎಂದರು. ನೆನಪಿಸುವ ಆ್ಯಪ್ ಅಲ್ಲಿಗೇ ಮುಗಿಯಿತು. ಇವರಿಗೆ ಬೇಕಾದದ್ದು ಗಂಟೆ ಬಾರಿಸುವ ಸಾಧನ ಅಲ್ಲವೇ ಅಲ್ಲ, ನುಂಗಿದ್ದಕ್ಕೆ ಸಾಕ್ಷಿ.

ಆಮೇಲೆ ನಡೆದದ್ದೇ ಉಳಿದ ಮೂರು ದಾರಿಗಳಲ್ಲಿ ಸಿಗದ ಪಾಠ. ಸಮಸ್ಯೆಯ ನಿರೂಪಣೆ ಬರೆದು ಕಳುಹಿಸಿದೆವು, ಅದು ಹಿಂದೆ ಬಂತು. ‘ಹಿರಿಯರಿಗೆ ಒಂದು ಡಿಜಿಟಲ್ ದಾಖಲೆ ಬೇಕು’ ಎಂದು ಬರೆದಿದ್ದ ವಾಕ್ಯದ ಕೆಳಗೆ ‘ಇದು ಸಮಸ್ಯೆಯೋ ಪರಿಹಾರವೋ?’ ಎಂಬ ಟಿಪ್ಪಣಿ. ತಿದ್ದಿದೆವು, ಮತ್ತೆ ಹಿಂದೆ ಬಂತು. ಈ ಬಾರಿ ‘ಯಾವ ಹಿರಿಯರು? ದಿನಕ್ಕೆ ಒಂದು ಗುಳಿಗೆಯವರೋ, ಎಂಟು ಗುಳಿಗೆಯವರೋ?’ ಒಂದು ವಾಕ್ಯಕ್ಕೆ ಇಷ್ಟು ಪಾಡೇ ಎಂದು ತಂಡದಲ್ಲಿ ಗೊಣಗಾಟವೂ ಆಯಿತು. ಆದರೆ ವಾಕ್ಯ ಬಿಗಿಯಾದಷ್ಟೂ ಐಡಿಯಾಗಳು ತಾವಾಗಿಯೇ ಸರಳವಾಗುತ್ತ ಬಂದವು. ಕೊನೆಗೆ ಪರೀಕ್ಷೆಗೆ ಒಯ್ದದ್ದು ಗುಳಿಗೆಯ ಪಟ್ಟಿಗೆ ಅಂಟಿಸುವ, ವಾರಗಳ ಹೆಸರಿರುವ ಒಂದು ಕಾಗದದ ಚೀಟಿ. ಅದನ್ನು ಪರೀಕ್ಷಿಸಿದಾಗಲೂ ತಪ್ಪು ಸಿಕ್ಕಿತು: ಅಕ್ಷರ ಸಣ್ಣದು, ಕನ್ನಡಕ ಹುಡುಕಬೇಕು. ಅಲ್ಲಿಂದ ಮತ್ತೆ ಹಿಂದಿನ ಹಂತಕ್ಕೆ. ಐದು ಹಂತಗಳ ಚಿತ್ರದಲ್ಲಿ ಹಿಂದಕ್ಕೆ ತಿರುಗುವ ಬಾಣಗಳು ಇರುತ್ತವಲ್ಲ, ಅವುಗಳನ್ನು ಕೋರ್ಸಿನಲ್ಲಿ ಅಲಂಕಾರ ಎಂದುಕೊಂಡು ದಾಟಿಹೋಗುತ್ತೇವೆ.

ಇನ್ನೊಂದು ಚರ್ಚೆ. ಐದು ಜನರೊಂದಿಗೆ ಮಾತನಾಡಿದರೆ ಸಾಕಲ್ಲವೇ ಎಂದು ತಂಡದಲ್ಲೊಬ್ಬರು ವಾದಿಸಿದರು. ಬಳಕೆಯ ಸುಲಭತೆಯ ತಜ್ಞ ಜಾಕೋಬ್ ನೀಲ್ಸನ್ 2000ದಲ್ಲಿ ಬರೆದ ಪ್ರಸಿದ್ಧ ಲೆಕ್ಕವೇ ಆಧಾರ: ಐವರು ಬಳಕೆದಾರರು ಸುಮಾರು ಶೇ. 85ರಷ್ಟು ತೊಡಕುಗಳನ್ನು ಹೊರಹಾಕುತ್ತಾರೆ. ಮೆಂಟರ್ ಒಪ್ಪಲಿಲ್ಲ. ಆ ಲೆಕ್ಕ ಸಿದ್ಧವಾದ ವಿನ್ಯಾಸವೊಂದನ್ನು ಬಳಸುವಾಗ ಎದುರಾಗುವ ತೊಡಕುಗಳದ್ದು, ಒಬ್ಬೊಬ್ಬರೂ ಸರಾಸರಿ ಶೇ. 31ರಷ್ಟು ತೊಡಕು ಕಾಣುತ್ತಾರೆ ಎಂಬ ಅಂದಾಜಿನ ಮೇಲೆ ನಿಂತದ್ದು. ಜನರ ಬದುಕನ್ನು ಅರಿಯಲು ಮಾಡುವ ಸಂದರ್ಶನಕ್ಕೆ ಅದನ್ನು ಎಳೆದು ತರುವಂತಿಲ್ಲ. ಕೋರ್ಸಿನಲ್ಲಿ ಈ ಅಂಕಿ ಒಂದು ಸ್ಲೈಡಿನಲ್ಲಿ ಬಂದು ಹೋಗಿತ್ತು. ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದು ಜಗಳವಾಡಿದಾಗಲೇ ತಲೆಗೆ ಹೋದದ್ದು.

ಇಷ್ಟು ಹೊಗಳಿದ ಮೇಲೆ ಬೈಯಲೇಬೇಕಾದ್ದೂ ಇದೆ. ವರ್ಚುವಲ್ ಎಂಬುದೇ ಮೊದಲ ಅಡ್ಡಿ. ಮನೆಯೊಳಗೆ ಕುಳಿತು ಗಮನಿಸಿದರೆ ಕಾಣುವ ಎಷ್ಟೋ ಸಂಗತಿ ಕ್ಯಾಮೆರಾದ ಚೌಕಟ್ಟಿನ ಆಚೆ ಉಳಿಯುತ್ತವೆ. ಡಬ್ಬಿ ಸುರಿದು ತೋರಿಸುವಷ್ಟು ಉದಾರಿಗಳು ಎಲ್ಲರೂ ಅಲ್ಲ. ಕೆಲವು ದಿನ ತಾವೇ ಫೋಟೊ ತೆಗೆದು ಕಳುಹಿಸಿ ಎಂದು ಕೇಳಿಕೊಳ್ಳುವುದು ಅರ್ಧ ಪರಿಹಾರ, ಅದಕ್ಕೂ ಮೊದಲೇ ಅನುಮತಿ ಪಡೆಯಬೇಕು. ಎಲ್ಲರೂ ಒಟ್ಟಿಗೆ ಬರೆಯುವ ಮಿರೋದಂಥ ಆನ್‌ಲೈನ್ ಬೋರ್ಡಿನಲ್ಲಿ ಟೈಪಿಂಗ್ ವೇಗವಿದ್ದವರದ್ದೇ ರಾಜ್ಯಭಾರ, ನೆಟ್‌ವರ್ಕ್ ದುರ್ಬಲವಿದ್ದವರು ನೋಡುತ್ತ ಕೂರಬೇಕು. ಪರದೆಗಳನ್ನು ವಿನ್ಯಾಸ ಮಾಡುವ ಫಿಗ್ಮಾ ತಂತ್ರಾಂಶ ಕೈಗೆ ಸಿಕ್ಕಿತೆಂದರೆ ಎರಡು ಗೆರೆಯ ಚಿತ್ರ ಸಾಕಾಗುವಲ್ಲಿ ಬಣ್ಣ ಬಳಿದ ಪರದೆಗಳು ಎದ್ದು ನಿಲ್ಲುತ್ತವೆ. ಅಷ್ಟು ಅಂದವಾದದ್ದನ್ನು ಕಂಡರೆ ಪರೀಕ್ಷೆಗೆ ಬಂದವರು ದಾಕ್ಷಿಣ್ಯಕ್ಕೆ ಬಿದ್ದು ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಮಧ್ಯದಲ್ಲೇ ಸದ್ದಿಲ್ಲದೆ ಮಾಯವಾಗುವ ತಂಡದ ಸದಸ್ಯರಂತೂ ಪ್ರತಿ ಬ್ಯಾಚಿನಲ್ಲೂ ಇರುತ್ತಾರಂತೆ. ಅವರ ಪಾಲಿನ ಕೆಲಸ ಉಳಿದವರ ರಾತ್ರಿಗಳಿಗೆ ಬೀಳುತ್ತದೆ.

ಹಾಗಾಗಿ ಆಯ್ಕೆ ನಮ್ಮ ಉದ್ದೇಶದ ಮೇಲೆ ನಿಂತಿದೆ. ಕುತೂಹಲ ಮಾತ್ರವಿದ್ದರೆ ಸಿಮ್ಯುಲೇಷನ್. ಕೆಲಸದ ಜಾಗದಲ್ಲಿ ಸಭೆಗಳನ್ನು ಚುರುಕುಗೊಳಿಸುವ ಕೆಲವು ವರಸೆ ಬೇಕಿದ್ದರೆ ಕಾರ್ಯಾಗಾರ. ಈ ವೃತ್ತಿಗೇ ಇಳಿಯುವ ಮನಸ್ಸಿದ್ದರೆ ಮೊದಲು ಒಂದು ಚಿಕ್ಕ ಕೋರ್ಸ್ ಮುಗಿಸಿಕೊಂಡು, ಆಮೇಲೆ ಮೆಂಟರ್ ಇರುವ ಇಂಟರ್ನ್‌ಶಿಪ್. ಈ ಕ್ರಮ ತಿರುಗುಮುರುಗಾದರೆ ಮೆಂಟರ್ ಜೊತೆಗಿನ ಅಮೂಲ್ಯ ಹೊತ್ತು ಪದಗಳ ಅರ್ಥ ಕೇಳುವುದರಲ್ಲೇ ಕಳೆದುಹೋಗುತ್ತದೆ.

ಸೇರುವ ಮೊದಲು ಆಯೋಜಕರಿಗೆ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿ. ಸಂದರ್ಶನಕ್ಕೆ ಜನರನ್ನು ಹುಡುಕುವವರು ಯಾರು? ನಮ್ಮ ನಿರೂಪಣೆಯನ್ನು ಓದಿ ಟಿಪ್ಪಣಿ ಬರೆಯುವವರು ಯಾರು, ಎಷ್ಟು ದಿನದೊಳಗೆ? ಪರೀಕ್ಷೆಯಾದ ಮೇಲೆ ತಿದ್ದಲು ವೇಳಾಪಟ್ಟಿಯಲ್ಲಿ ಜಾಗವಿದೆಯೇ? ಉತ್ತರವಾಗಿ ಪ್ರಮಾಣಪತ್ರದ ಮಾದರಿಯನ್ನೂ ಶುಲ್ಕದ ರಿಯಾಯಿತಿಯನ್ನೂ ಕಳುಹಿಸಿದರೆ ಅತ್ತ ತಲೆ ಹಾಕಬೇಡಿ.