ನರ್ಸಿಂಗ್ ಕಾಲೇಜಿಗೆ ಸೇರುವ ಮೊದಲು ಆಸ್ಪತ್ರೆಯ ಮಂಚ ಎಣಿಸಿ

ಪಿಯುಸಿ ಮುಗಿಸಿ ಬಿಎಸ್ಸಿ ನರ್ಸಿಂಗ್ ಸೇರಬೇಕು ಅಂತಿರುವವರು ಇದನ್ನು ಓದಿ. ನಾನು ಓದಿದ ಕಾಲೇಜಿನ ಹೆಸರು ಹೇಳುವುದಿಲ್ಲ. ನಡೆದದ್ದಷ್ಟು ಹೇಳುತ್ತೇನೆ.

ನಮ್ಮದು ಸಿಂಧನೂರು ಕಡೆಯ ಹಳ್ಳಿ. 2018ರಲ್ಲಿ ರಿಸಲ್ಟ್ ಬಂದ ವಾರದಲ್ಲೇ, ಸೋದರಮಾವನಿಗೆ ಪರಿಚಯದ ಏಜೆಂಟ್ ಒಬ್ಬ ಮನೆಗೇ ಬಂದ. "ಬೆಂಗಳೂರಾಗ ಎರಡ ಸೀಟು ಉಳದಾವ್ರಿ ಯಜಮಾನ್ರ. ವರ್ಷಕ್ಕ ಎಪ್ಪತ್ತು ಸಾವಿರ, ಹಾಸ್ಟೆಲ್ ಸೇರಿ" ಎಂದ. ಅಪ್ಪ ಭತ್ತ ಮಾರಿದ ದುಡ್ಡು ಎಣಿಸಿಕೊಟ್ಟರು. ಎಸ್ಸೆಸ್ಸೆಲ್ಸಿ, ಪಿಯುಸಿಯ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ಅವನ ಕೈಗೇ ಹಾಕಿದೆವು. ವೆರಿಫಿಕೇಷನ್ ಆದ ಮೇಲೆ ವಾಪಸ್ ಅಂದಿದ್ದ. ಆ ಕವರ್ ಮತ್ತೆ ನನ್ನ ಕೈಗೆ ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ.

ಬಿಎಸ್ಸಿ ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ನಮ್ಮ ಕಾಲೇಜಿಗೂ ಆಸ್ಪತ್ರೆ ಇತ್ತು. ದೊಡ್ಡ ಬೋರ್ಡ್ ಇತ್ತು. ಒಳಗೆ ನಾನು ಎಣಿಸಿದ್ದು 18 ಮಂಚ, ಅರ್ಧಕ್ಕೆ ಹಾಸಿಗೆಯ ಪ್ಲಾಸ್ಟಿಕ್ ಕವರೂ ತೆಗೆದಿರಲಿಲ್ಲ. ಇನ್ಸ್ಪೆಕ್ಷನ್ ದಿನ ಮಾತ್ರ ಎಲ್ಲಿಂದಲೋ ಬಾಡಿಗೆ ಮಂಚಗಳು ಬಂದವು, ಅದರ ಮೇಲೆ ರೋಗಿಗಳೂ ಬಂದರು. ಹಾಸ್ಟೆಲ್‌ನ ಅಡುಗೆ ಅಕ್ಕನ ತಾಯಿ ಕೂಡ ಅಂದು ರೋಗಿ. ಡ್ರಿಪ್ ಬಾಟಲಿ ತೂಗುತ್ತಿತ್ತು, ಸೂಜಿ ಚುಚ್ಚಿರಲಿಲ್ಲ. ಟ್ಯೂಬನ್ನು ಕೈಗೆ ಪ್ಲಾಸ್ಟರ್ ಹಾಕಿ ಅಂಟಿಸಿದವಳು ನಾನೇ. ಅಜ್ಜಿ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಆಗ ನಮಗೂ ಅದು ತಮಾಷೆಯೇ ಆಗಿತ್ತು.

ಮೊದಲ ವರ್ಷದ ಕೊನೆಗೆ ಬೇರೆ ಕಡೆ ಹೋಗುತ್ತೇನೆ ಎಂದೆ. "ಉಳಿದ ಮೂರು ವರ್ಷದ ಫೀಸ್ ಕಟ್ಟಿ, ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ" ಅಂದರು ಆಫೀಸಿನಲ್ಲಿ. ಒರಿಜಿನಲ್ ದಾಖಲೆ ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ನನಗದು ಗೊತ್ತಾದದ್ದು ಡಿಗ್ರಿ ಮುಗಿದ ಮೇಲೆ! ಎಪ್ಪತ್ತು ಸಾವಿರ ಅಷ್ಟರಲ್ಲಿ ಒಂದು ಲಕ್ಷ ದಾಟಿತ್ತು. ಕ್ಲಿನಿಕಲ್ ಫೀಸ್, ಬಸ್ ಫೀಸ್, ರೆಕಾರ್ಡ್ ಫೀಸ್ ಅಂತ. ಯಾವುದಕ್ಕೂ ಸರಿಯಾದ ರಸೀದಿ ಇಲ್ಲ.

ದುಡ್ಡು ಹೋದದ್ದನ್ನಾದರೂ ಮರೆಯಬಹುದು. ನನ್ನ ಲಾಗ್ ಬುಕ್‌ನಲ್ಲಿ ನಾನು ಮಾಡಿಸಿದ ಹೆರಿಗೆ ಅಂತ 20 ಇವೆ, ಸೀಲು ಸಹಿ ಸಮೇತ. ಕಣ್ಣಾರೆ ನೋಡಿದ್ದು 2. ಅದೂ ಹಿಂದೆ ನಿಂತು, ಇಣುಕಿ. ಕೊರೊನಾ ಇತ್ತಲ್ಲ ಅನ್ನಬಹುದು ನೀವು. ಕೊರೊನಾಗಿಂತ ಮುಂಚೆಯೂ ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ಕಲಿಯುವ ಡ್ಯೂಟಿ, ಹೀಗೇ ಇತ್ತು. ಮೊದಲ ಕೆಲಸದಲ್ಲಿ, ಎರಡನೇ ನೈಟ್ ಡ್ಯೂಟಿಗೆ, ಒಬ್ಬ ಮುದುಕರಿಗೆ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಬೇಕಿತ್ತು. ಮೂರು ಸಲ ಚುಚ್ಚಿದೆ. ನರ ಸಿಗಲಿಲ್ಲ, ಕೈ ಊದಿತು. ಅವರೇ "ಇರ್ಲಿ ಬಿಡವ್ವ" ಅಂದರು. ಸೀನಿಯರ್ ಸಿಸ್ಟರ್ ಬಂದು ಒಂದೇ ಸಲಕ್ಕೆ ಹಾಕಿ, ಹೊರಗೆ ಕರೆದು ಕೇಳಿದರು: "ನಾಲ್ಕು ವರ್ಷ ಏನ್ ಓದಿದೆ?" ಏನು ಹೇಳಲಿ?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ಪಟ್ಟಿ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಪಟ್ಟಿ ನೋಡಿದರೆ ಸಾಲದು, ನಮ್ಮ ಕಾಲೇಜಿನ ಕಾಗದವೂ ಎಲ್ಲ ಸರಿಯಾಗಿಯೇ ಇತ್ತು. ಸರ್ಕಾರಿ ಕೋಟಾದ ಸೀಟು ಹಂಚುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಅದಕ್ಕೆ ಏಜೆಂಟ್ ಬೇಕಿಲ್ಲ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ಆಮೇಲೆ ಹೇಳದೆ ಕೇಳದೆ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವರ ಆಸ್ಪತ್ರೆಗೆ ಹೋಗಿ, ರೋಗಿಗಳು ಇದ್ದಾರಾ ನೋಡಿ. ಗೇಟಿನ ಹತ್ತಿರ ಚಹಾ ಕುಡಿಯುತ್ತಿರುವ ಕೊನೇ ವರ್ಷದ ಹುಡುಗಿಯರನ್ನು ಎಷ್ಟು ಹೆರಿಗೆ ನೋಡಿದ್ದೀರಿ ಅಂತ ಕೇಳಿ. ನಮ್ಮನ್ನು ಯಾರಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆವು.