ಅಪ್ಪನ ಕಿವಿ ಮಷೀನ್: 1,800ದ್ದಾ, 26,000ದ್ದಾ?
ಮೊದಲೇ ಹೇಳಿಬಿಡುತ್ತೇನೆ, ಕಿವಿ ಪರೀಕ್ಷೆ ಮಾಡಿಸಿಯೇ ಮಷೀನ್ ತಗೊಳ್ಳಿ. ನಾನು ಸುಮ್ನೆ ಆನ್‌ಲೈನ್‌ನಲ್ಲಿ 1,800 ರೂಪಾಯಿಯದು ತರಿಸಿದೆ. ಎರಡು ತಿಂಗಳು ಅಪ್ಪ ಕಷ್ಟಪಟ್ಟರು. ಆಮೇಲೆ ಪರೀಕ್ಷೆ ಮಾಡಿಸಿ 26,000ದ ಡಿಜಿಟಲ್ ಮಷೀನ್ ಹಾಕಿಸಿದೆವು.

ಬಳ್ಳಾರಿ ಬಿಸಿಲು ಗೊತ್ತಲ್ವಾ, ಕೂಲರ್ ಬಂದ್ ಮಾಡಿ ಊಟಕ್ಕೆ ಕೂರಲು ಆಗುವುದಿಲ್ಲ. ಅಗ್ಗದ ಮಷೀನ್ ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತಿತ್ತು. ಕೂಲರ್ ಗುಯ್‌ಗುಟ್ಟುವುದೂ ಜೋರು, ಅವ್ವನ ಮಾತೂ ಜೋರು. ಅವ್ವ ಅನ್ನದ ಸೌಟು ಹಿಡಿದು "ಸಾಕಾ?" ಅಂದರೆ ಅಪ್ಪನಿಗೆ "ಹಾಕ್ಲಾ?" ಅಂತ ಕೇಳುತ್ತಿತ್ತು. "ಹ್ಞೂಂ" ಅನ್ನುತ್ತಿದ್ದರು. ಅವ್ವ ಸೌಟು ಇಟ್ಟುಬಿಡುತ್ತಿದ್ದಳು. ಅಪ್ಪ ಖಾಲಿ ಗಂಗಾಳದ ಮುಂದೆ ಕೈ ಹಿಡಿದುಕೊಂಡು ಕಾಯುತ್ತಿದ್ದರು. ಅದನ್ನು ನೋಡಿ ನನಗೆ ತುತ್ತು ಇಳಿಯಲಿಲ್ಲ.

ವಯಸ್ಸಾದ ಮೇಲೆ ಸ, ಶ ತರಹದ ಸಣ್ಣ ಸದ್ದುಗಳೇ ಮೊದಲು ಕೈಕೊಡುತ್ತವೆ. ಬಿಟ್ಟುಹೋದದ್ದನ್ನು ಮಿದುಳು ಸಂದರ್ಭ ನೋಡಿ ತುಂಬಿಕೊಳ್ಳುತ್ತದೆ. 1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರನ್ ಒಂದು ಪದದೊಳಗಿನ ಸದ್ದು ತೆಗೆದು ಅಲ್ಲಿ ಕೆಮ್ಮು ಸೇರಿಸಿದರು. ಕೇಳಿದವರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು. 2016ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಸಂಶೋಧಕರು ಇದನ್ನು ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲೇ ಕಂಡರು. ಕೇಳಿಸಿದ್ದು ಒಂದೇ ಪದ, ನಡುವಿನ ಒಂದು ಸದ್ದಿನ ಜಾಗದಲ್ಲಿ ಗದ್ದಲ ಸೇರಿಸಿದ್ದು. ಕೇಳಿದವರು 'ಫಾಸ್ಟರ್' ಅಂದುಕೊಂಡರೆ ನರಕೋಶಗಳು ಒಂದು ರೀತಿ, 'ಫ್ಯಾಕ್ಟರ್' ಅಂದುಕೊಂಡರೆ ಇನ್ನೊಂದು ರೀತಿ ಮಿಡಿದವು.

ಇದು ತಿಳಿದ ಮೇಲೆ ನಮ್ಮನೆಯ ಸಮಸ್ಯೆ ಅರ್ಥವಾಯಿತು. "ಶನಿವಾರ ಹೊಸಪೇಟೆಗೆ ಹೋಗೋಣ" ಅಂದಾಗ ಶ ಹಾರಿದರೂ ಅಪ್ಪನಿಗೆ ತೊಂದರೆಯಿಲ್ಲ, ಅಲ್ಲಿ ಬೇರೆ ಪದ ಕೂರುವುದೇ ಇಲ್ಲ. ಗಂಗಾಳದ ಮುಂದೆ ಸಾಕಾ, ಹಾಕ್ಲಾ ಎರಡೂ ಕೂರುತ್ತವೆ. ಹಸಿದವರ ಮಿದುಳು ಯಾವುದನ್ನು ಆರಿಸೀತು? ಅಲ್ಲಿ ಸ ಕಿವಿಗೆ ಬೀಳಲೇಬೇಕು.

ಡಿಜಿಟಲ್‌ನಲ್ಲಿ ಆ ಕೆಲಸ ಆಗುತ್ತದೆ. ಅಪ್ಪನಿಗೆ ಕೇಳದ ಸದ್ದನ್ನಷ್ಟೇ ಜಾಸ್ತಿ ಏರಿಸಿಕೊಟ್ಟಿದ್ದಾರೆ. ಮೈಕ್ ಎದುರಿನವರ ಮಾತನ್ನು ಹೆಚ್ಚು ಹಿಡಿಯುತ್ತದೆ, ಹಾಗಾಗಿ ಅಪ್ಪ ಈಗ ಕೂಲರ್‌ಗೆ ಬೆನ್ನು ಹಾಕಿ ಕೂರುತ್ತಾರೆ.

ಸೆಲ್ ಬದಲಿಸುವುದು ರಗಳೆ. ಸಂತೆಯ ಗದ್ದಲದಲ್ಲಿ ಎರಡೂ ಮಷೀನ್ ಅಷ್ಟಕ್ಕಷ್ಟೇ.

ದುಡ್ಡು ಕಂತಿನಲ್ಲಿ ಕಟ್ಟುತ್ತಿದ್ದೇನೆ, ಭಾರವೇ. ಅಪ್ಪ ಮನೆಯಲ್ಲೇ ಇರುವವರು, ಮಾತು ಬೇಕಾಗುವುದು ಊಟದ ಹೊತ್ತಿಗೇ, ಹಾಗಾಗಿ ನಮಗೆ ಇದೇ ಸರಿ. ನಿನ್ನೆ ಕೂಲರ್ ಫುಲ್ ಇತ್ತು. ಅವ್ವ "ಸಾಕಾ?" ಅಂದಳು. "ಇಲ್ಲ, ಇನ್ನೊಂದಿಷ್ಟು ಹಾಕು" ಅಂದರು ಅಪ್ಪ.