ಲಾಸ್ ವೇಗಸ್‌ಗೆ ಹೋದ್ರೆ ರೆಡ್ ರಾಕ್ ಕ್ಯಾನ್ಯನ್ ಬಿಡ್ಬೇಡಿ (5ಕ್ಕೆ 4.5 ಸ್ಟಾರ್)

ವೇಗಸ್‌ಗೆ ಬರೋ ನಮ್ಮೋರು ಸ್ಟ್ರಿಪ್ (ಕ್ಯಾಸಿನೋ, ಹೋಟೆಲ್‌ಗಳ ಮೇನ್ ರೋಡು) ಸುತ್ತಿ, ಟೈಮ್ ಇದ್ರೆ ಗ್ರ್ಯಾಂಡ್ ಕ್ಯಾನ್ಯನ್ ಟೂರ್ ಬಸ್ ಹತ್ತಿ ವಾಪಸ್ ಹೋಗ್ಬಿಡ್ತಾರೆ, ಸ್ಟ್ರಿಪ್‌ನಿಂದ ಸುಮಾರು 17 ಮೈಲಿ ಪಶ್ಚಿಮಕ್ಕೆ ಇಂಥ ಕೆಂಪು ಬಂಡೆಗಳ ಜಾಗ ಇದೆ ಅಂತಾನೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಳಗಡೆ 13 ಮೈಲಿ ಒನ್‌ವೇ ಡ್ರೈವ್, ಬೇಕಾದ ಕಡೆ ಗಾಡಿ ನಿಲ್ಸಿ ಇಳ್ದು ನಡೀಬಹುದು. ಕ್ಯಾಲಿಕೋ ಹಿಲ್ಸ್ ಹತ್ರ ಇಳೀಲೇಬೇಕು, ಬಂಡೆ ಪೂರ್ತಿ ಕೆಂಪು, ಕಿತ್ತಳೆ, ಬಿಳಿ ಪಟ್ಟೆ, ಕೈಯಾಡಿಸಿದ್ರೆ ಸಣ್ಣ ಮರಳು ಬೆರಳಿಗೆ ಅಂಟುತ್ತೆ, ಯಾಕಂದ್ರೆ ಒಂದು ಕಾಲಕ್ಕೆ ಇದೆಲ್ಲಾ ಮರಳುದಿಬ್ಬ. ಆ ಕಡೆ ಬೆಟ್ಟದ ಮೇಲ್ಗಡೆ ಕಾಣೋ ಬೂದು ಸುಣ್ಣದಕಲ್ಲು ಈ ಕೆಂಪು ಕಲ್ಲಿಗಿಂತ ಕೋಟ್ಯಂತರ ವರ್ಷ ಹಳೇದು, ಹಳೇದು ಕೆಳಗಿರ್ಬೇಕು ತಾನೇ, ಇಲ್ಲಿ ಭೂಮಿ ಒತ್ತಡಕ್ಕೆ ಜಾರ್ಕೊಂಡು ಹೊಸದರ ಮೇಲೆ ಬಂದು ಕೂತಿದೆ!

ವಿಸಿಟರ್ ಸೆಂಟರ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ವೇಗಸ್ ಇರೋ ನೆವಾಡಾ ರಾಜ್ಯದಲ್ಲಿ ಹೆಚ್ಚುಕಮ್ಮಿ 80% ಜಾಗ ಫೆಡರಲ್ ಸರ್ಕಾರದ್ದು, ಹಂಗಾಗಿ ವೇಗಸ್ ಬೆಳೀಬೇಕಂದ್ರೆ ಸರ್ಕಾರಿ ಜಾಗ ಮಾರ್ಲೇಬೇಕು. 1998ರಲ್ಲಿ ಒಂದು ಕಾಯ್ದೆ ಮಾಡಿ ಊರ ಸುತ್ತ ಗೆರೆ ಎಳೆದ್ರು, ಗೆರೆ ಒಳಗಿನ ಜಾಗ ಹರಾಜು ಹಾಕಬಹುದು, ಬಂದ ದುಡ್ಡಲ್ಲಿ 5% ರಾಜ್ಯದ ಶಿಕ್ಷಣಕ್ಕೆ, 10% ನೀರಿನ ಕೆಲಸಕ್ಕೆ, ಉಳಿದ 85% ಪಾರ್ಕು, ಟ್ರೇಲು, ಕಾಡುಪ್ರಾಣಿಗಳ ನೆಲೆ ಇಂಥದಕ್ಕೆ. ಈ ವಿಸಿಟರ್ ಸೆಂಟರ್ ಕಟ್ಟಿದ್ದೂ ಆ ದುಡ್ಡಲ್ಲೇ. ಜಾಗ ಮಾರಿದ ದುಡ್ಡು ವಾಷಿಂಗ್ಟನ್ ಖಜಾನೆಗೆ ಸೇರಿ ಕರಗಿ ಹೋಗದೆ ಇಲ್ಲೇ ಕಣ್ಣಿಗೆ ಕಾಣೋ ಹಂಗೆ ಖರ್ಚಾಗಿದೆ ಅಲ್ವಾ, ಅದು ನನಗೆ ತುಂಬಾ ಹಿಡಿಸ್ತು.

ಆದ್ರೆ ಅಲ್ಲೇ ಹೊರಗಡೆ ಮರುಭೂಮಿ ಆಮೆಗೆ ಅಂತ ಒಂದು ಆವರಣ ಇದೆ, ಅದ್ರ ಮುಂದೆ ನಿಂತಾಗ ಚಿಂತೆನೂ ಆಗುತ್ತೆ. 1990ರಿಂದ ಈ ಆಮೆ ಅಳಿವಿನ ಅಪಾಯದ ಪಟ್ಟಿಯಲ್ಲಿದೆ, ಬಿಲ್ಡರ್‌ಗಳು ಎಕರೆಗೆ 550 ಡಾಲರ್ ಸಂರಕ್ಷಣೆಗೆ ಕಟ್ಟಿ ಅದರ ನೆಲದ ಮೇಲೆ ಮನೆ ಕಟ್ತಾರೆ. 2002ರಲ್ಲಿ ಇನ್ನೊಂದು ಕಾಯ್ದೆ ತಂದು ಊರ ದಕ್ಷಿಣಕ್ಕಿರೋ ಸ್ಲೋನ್ ಕ್ಯಾನ್ಯನ್ ಅನ್ನೋ ಜಾಗಕ್ಕೆ ರಕ್ಷಣೆ ಕೊಟ್ರು ನಿಜ, ಅದೇ ಕಾಯ್ದೆಯಲ್ಲಿ ಮಾರಾಟದ ಗೆರೆನೂ ಹಿಗ್ಗಿಸಿದ್ರು. ಜಾಗ ಮಾರಿದಷ್ಟೂ ಸಂರಕ್ಷಣೆಗೆ ದುಡ್ಡು ಅನ್ನೋ ಲೆಕ್ಕದಲ್ಲಿ ಗೆರೆ ಎಲ್ಲಿ ನಿಲ್ಲುತ್ತೆ? ಪಾರ್ಕ್ ಎಷ್ಟು ಬೇಕಾದ್ರೂ ಹೊಸದಾಗಿ ಮಾಡಬಹುದು, ಆಮೆ ಬಿಲ ತೋಡೋ ನೆಲ ಮಾಡಕ್ಕಾಗಲ್ಲ. ಅರ್ಧ ಸ್ಟಾರ್ ಕಮ್ಮಿ ಮಾಡಿದ್ದು ಇದಕ್ಕೇ, ಜಾಗಕ್ಕಲ್ಲ.

ಹೋಗೋರಿಗೆ: ಅಕ್ಟೋಬರ್ 1ರಿಂದ ಮೇ 31ರವರೆಗೆ ಬೆಳಿಗ್ಗೆ 8ರಿಂದ ಸಂಜೆ 5ರ ಒಳಗೆ ಕಾರಲ್ಲಿ ಹೋಗ್ಬೇಕಂದ್ರೆ ಮೊದ್ಲೇ ಆನ್‌ಲೈನ್ ಸ್ಲಾಟ್ ಬುಕ್ ಮಾಡ್ಬೇಕು, ಕಾರಿಗೆ 20 ಡಾಲರ್, ಬುಕಿಂಗ್‌ಗೆ ಇನ್ನೆರಡು. ನ್ಯಾಷನಲ್ ಪಾರ್ಕ್ ಪಾಸ್ ಇದ್ರೆ 20 ಉಳಿಯುತ್ತೆ, ಆದ್ರೆ ಸ್ಲಾಟ್ ಬೇಕೇ ಬೇಕು. ಬೇಸಿಗೇಲಿ ಬಿಸಿಲು ಭಯಂಕರ, ನೀರು ಧಾರಾಳವಾಗಿ ಇಟ್ಕೊಳ್ಳಿ, ಬೆಳಿಗ್ಗೆ ಬೇಗನೇ ಹೋಗಿ.